ಈ ತಿಂಗಳ ಜಮಾ-ಖರ್ಚು: ವ್ಯೂಸ್ ಯಾರಿಗೆ, ಬಿಲ್ ಯಾರಿಗೆ?

1/10

ಇಂಟರ್ನಲ್ಸ್ ಮುಗೀತು, ಸಕಲೇಶಪುರ ಬಸ್‌ಸ್ಟ್ಯಾಂಡಲ್ಲಿ ಕಿಟಕಿ ಸೀಟೂ ಸಿಕ್ತು. ಯಸಳೂರು ತಲುಪೋ ತನಕ ಬೇರೆ ಕೆಲಸ ಇಲ್ಲ. ಅಂದ್ರೆ ಜಮಾ-ಖರ್ಚು ಬರೆಯೋ ಟೈಮ್ ಬಂತು ಅಂತ.

ಹೊಸದಾಗಿ ಫಾಲೋ ಮಾಡಿದವರಿಗೆ ರೂಲ್ಸ್: ನಾನು ನೋಡಿದ್ದು, ಕೇಳಿದ್ದು, ಸೇವ್ ಮಾಡಿಟ್ಟಿದ್ದು ಎಲ್ಲ ತಿಂಗಳಿಗೊಂದು ಸಲ ಇಲ್ಲಿಗೆ ಬರುತ್ತೆ. ಹೊಸದು, ಹಳೇದು ಅಂತ ಭೇದ ಇಲ್ಲ. ಸ್ಟಾರ್ ಕೊಡಲ್ಲ. ಕೊಟ್ಟ ಟೈಮಿಗೂ ಡೇಟಾಗೂ ಸರಿಯಾಗಿ ಏನಾದ್ರೂ ವಾಪಸ್ ಸಿಕ್ರೆ ಜಮಾ. ಬರೀ ತಿಂದ್ಕೊಂಡು ಹೋದ್ರೆ ಖರ್ಚು. ದಿನಕ್ಕೆ ಒಂದೂವರೆ ಜಿಬಿ ಡೇಟಾ, ಅದೂ ಮನೆ ಹಿಂದಿನ ದಿಣ್ಣೆ ಹತ್ತಿದ್ರೆ ಮಾತ್ರ ನೆಟ್‌ವರ್ಕ್ ಸಿಗೋ ನನ್ನಂಥವಳಿಗೆ ಇದು ತಮಾಷೆ ಅಲ್ಲ.

ಈ ಸಲ ಒಂದು ರೂಲ್ ಬದಲಾಗಿದೆ. ಫಸ್ಟ್ ಸೆಮ್ ಅಕೌಂಟ್ಸ್ ಕ್ಲಾಸಿನ ಮೊದಲ ಪಾಠ ನೆನಪಿದೆಯಾ? ಪ್ರತಿ ವ್ಯವಹಾರಕ್ಕೂ ಎರಡು ಎಂಟ್ರಿ. ಒಂದು ಕಡೆ ಬಂದಿದ್ದು ಇನ್ನೊಂದು ಕಡೆಯಿಂದ ಹೋಗಿರಲೇಬೇಕು. ಇಷ್ಟು ದಿನ ನಾನು ಒಂದೇ ಎಂಟ್ರಿ ಬರೀತಿದ್ದೆ: ನನಗೇನು ಸಿಕ್ತು ಅಂತ. ಇನ್ಮೇಲೆ ಎರಡನೇದೂ ಬರೀತೀನಿ: ಅದಕ್ಕೆ ಕೊಟ್ಟೋರು ಯಾರು ಅಂತ.

ಯಾಕೆ ಈ ಬದಲಾವಣೆ ಅನ್ನೋದು 9ರಲ್ಲಿದೆ. ನೇರ ಅಲ್ಲಿಗೆ ಹಾರಬೇಡಿ ಕಣ್ರೇ. ಸಾಲಾಗಿ ಬನ್ನಿ.

2/10

ಮೊದಲ ಎಂಟ್ರಿ: ‘ಸು ಫ್ರಮ್ ಸೋ’. ಮೂರನೇ ಸಲ ನೋಡಿದೆ. ಈ ಸಲ ಅಜ್ಜಿ ಜೊತೆ.

2025ರ ಜುಲೈ 25ಕ್ಕೆ ಬಂದಾಗ ನಮ್ಮ ಕ್ಲಾಸಲ್ಲಿ ಅರ್ಧ ಜನಕ್ಕೆ ಹೆಸರೂ ಗೊತ್ತಿರಲಿಲ್ಲ. ದೊಡ್ಡ ಹೀರೋ ಇಲ್ಲ, ಎಂಟ್ರಿ ಸಾಂಗ್ ಇಲ್ಲ, ಕಟೌಟ್ ಇಲ್ಲ. ನೋಡಿದವರು ಬಾಯಿಂದ ಬಾಯಿಗೆ ಹೇಳಿ ಹೇಳಿ ಟಿಕೆಟ್ಟೇ ಸಿಗದ ಹಾಗೆ ಆಯ್ತು. ಬರೆದು, ನಿರ್ದೇಶನ ಮಾಡಿ, ಅಶೋಕನ ಪಾತ್ರವನ್ನೂ ಮಾಡಿದ್ದು ಜೆ.ಪಿ. ತುಮಿನಾಡ್. ತುಮಿನಾಡು ಅನ್ನೋದು ಮಂಜೇಶ್ವರದ ಕಡೆಯ ಊರು. ಹೆಸರಿನ ಜೊತೆ ಊರನ್ನೇ ಇಟ್ಕೊಂಡು ಬಂದ ಮನುಷ್ಯ, ಊರನ್ನೇ ಸಿನಿಮಾ ಮಾಡಿದ.

ನನಗೆ ಇಷ್ಟ ಆಗಿದ್ದೇನು ಗೊತ್ತಾ? ಅದರಲ್ಲಿರೋ ಊರು ಯಾರಿಗೂ ತೋರಿಸೋಕೆ ಅಂತ ಡ್ರೆಸ್ ಮಾಡ್ಕೊಂಡು ನಿಂತಿಲ್ಲ. ಮದುವೆ ಮನೆ, ಸಾವಿನ ಮನೆ, ಎಲ್ಲದಕ್ಕೂ ಮುಂದೆ ನಿಲ್ಲೋ ಒಬ್ಬ ರವಿಯಣ್ಣ. ಅಜ್ಜಿ ನೋಡಿದ್ದೇ, ‘ಇವ್ನು ನಮ್ಮೂರಲ್ಲೂ ಇದಾನಲ್ಲ’ ಅಂದ್ರು. ಯಾರು ಅಂತ ಹೇಳಲ್ಲ, ಅವರೂ ನನ್ನ ಫಾಲೋ ಮಾಡ್ತಾರೆ.

ಎರಡನೇ ಎಂಟ್ರಿ: ಊರೆಲ್ಲ ಒಂದು ಹೆಂಗಸಿನ ಹೆಸರು ಹಿಡ್ಕೊಂಡು ನಗುತ್ತೆ, ಹೆದರುತ್ತೆ. ಆಮೇಲೆ ಆ ಹೆಸರಿನ ಹಿಂದೆ ನಿಜವಾಗ್ಲೂ ಒಂದು ಮನೆ ಇದೆ, ಕಷ್ಟ ಇದೆ ಅಂತ ಗೊತ್ತಾಗುತ್ತೆ. ಅಜ್ಜಿ ಅಲ್ಲಿ ತನಕ ನಗ್ತಿದ್ದವರು ಸುಮ್ಮನಾದ್ರು. ನಗಿಸಿದ ಸಿನಿಮಾನೇ ನಗುವಿನ ಬಿಲ್ಲನ್ನೂ ತೋರಿಸುತ್ತಲ್ಲ, ಅದಕ್ಕೇ ಪೂರ್ತಿ ಜಮಾ.

3/10

ಈಗ ಖರ್ಚು. 1999ರ ‘ಉಪೇಂದ್ರ’ ಸಿನಿಮಾದ ಆ ಕರಿಮಣಿ ಹಾಡು. 2024ರ ಶುರುವಲ್ಲಿ ರೀಲ್ಸ್ ತುಂಬ ಅದೇ ಇತ್ತಲ್ಲ, ಅದು. ಹೋದ ವಾರ ನಮ್ಮ ಪಕ್ಕದ ಮನೆ ಆರತಿ ಶಾಸ್ತ್ರದಲ್ಲಿ ಮತ್ತೆ ಅದಕ್ಕೇ ಡ್ಯಾನ್ಸ್. ಸಾಕು ಮಾರಾಯ್ರೆ.

ಹಾಡಿನ ಮೇಲೆ ಕೋಪ ಇಲ್ಲ. ಗುರುಕಿರಣ್ ಮಾಡಿದ ಟ್ಯೂನು, ಇಪ್ಪತ್ತೈದು ವರ್ಷ ಆದ್ಮೇಲೂ ಬಾಯಲ್ಲಿ ನಿಲ್ಲುತ್ತೆ ಅಂದ್ರೆ ಸುಮ್ನೆ ಅಲ್ಲ. ನನ್ನ ಕೋಪ ಹದಿನೈದು ಸೆಕೆಂಡಿನ ಮೇಲೆ. ಅದೇ ಎರಡು ಸಾಲು ಕತ್ತರಿಸಿ, ಅದಕ್ಕೇ ಅಳೋ ಮುಖ, ಅದಕ್ಕೇ ನಗೋ ಮುಖ. ಪೂರ್ತಿ ಹಾಡು ಎಷ್ಟು ಜನ ಕೇಳಿದ್ದೀರಿ? ಸಿನಿಮಾ ಎಷ್ಟು ಜನ ನೋಡಿದ್ದೀರಿ?

ನಾನು ಈ ತಿಂಗಳು ನೋಡಿದೆ. ಅದರ ಹೀರೋ ಹೆಸರು ಏನು ಗೊತ್ತಾ? ‘ನಾನು’. ಹೆಸರೇ ಅದು. ಎಲ್ಲದರಲ್ಲೂ ನಾನು, ಎಲ್ಲರ ಎದುರೂ ನಾನು. ರೀಲ್ಸ್ ಅನ್ನೋದು ನಮ್ಮ ದೇಶಕ್ಕೆ ಬಂದಿದ್ದು 2020ರ ಜುಲೈಗೆ, ಟಿಕ್‌ಟಾಕ್ ಬ್ಯಾನ್ ಆದ ಮೇಲೆ. ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ನಮ್ಮ ರೋಗಕ್ಕೆ ಹೆಸರಿಟ್ಟು ಒಬ್ಬರು ಸಿನಿಮಾ ಮಾಡಿದ್ರು. ನಾವು ಅದರಿಂದ ಎರಡು ಸಾಲು ಕದ್ದು, ಮುಖ ಕ್ಯಾಮೆರಾಗೆ ಹಿಡಿದ್ವಿ. ನಗು ಬಂತು, ಆಮೇಲೆ ಸ್ವಲ್ಪ ನಾಚಿಕೆನೂ ಆಯ್ತು. ಯಾಕಂದ್ರೆ ನಾನೂ ಮಾಡಿದ್ದೆ ಆ ರೀಲು.

ಲೆಕ್ಕ: ರೀಲ್ಸ್ ಖರ್ಚು, ಸಿನಿಮಾ ಜಮಾ.

4/10

ಇದು ಕಾಮರ್ಸ್ ಸ್ಟೂಡೆಂಟ್ಸ್ ಕೇಳಲೇಬೇಕಾದ ಕಥೆ. ‘ಏಕಂ’.

ಕರಾವಳಿಯ ಏಳು ಕಥೆಗಳು, ಕನ್ನಡದ ವೆಬ್ ಸರಣಿ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ಜೊತೆ ನಿಂತಿತ್ತು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಥರದವರು ನಟಿಸಿದ್ರು. ಇಷ್ಟೆಲ್ಲ ಇದ್ರೂ ದೊಡ್ಡ ಓಟಿಟಿಗಳು ತಗೊಳ್ಳಲಿಲ್ಲ. ವರ್ಷಗಟ್ಟಲೆ ಕಾದ ಮೇಲೆ 2024ರ ಜುಲೈಲಿ ತಮ್ಮದೇ ವೆಬ್‌ಸೈಟ್ ಮಾಡಿ, 149 ರೂಪಾಯಿಗೆ ಬಿಟ್ರು.

ಲೆಕ್ಕ ಹಾಕಿ: 149ನ್ನ ಏಳರಿಂದ ಭಾಗಿಸಿದ್ರೆ ಒಂದು ಕಥೆಗೆ 21 ರೂಪಾಯಿ ಚಿಲ್ಲರೆ. ಕಾಲೇಜು ಗೇಟ್ ಮುಂದೆ ಒಂದು ಪಫ್ಸ್‌ಗೆ ಅದಕ್ಕಿಂತ ಹೆಚ್ಚು ಕೊಡ್ತೀವಿ. ಆದ್ರೂ ನಾನು ಆಗ ಏನು ಮಾಡಿದೆ? ‘ಲಿಂಕ್ ಇದ್ರೆ ಕಳಿಸು’ ಅಂತ ಮೆಸೇಜ್ ಹಾಕಿದೆ. ಲಿಂಕ್ ಬಂತು. ಮೊದಲ ಕಥೆ ನೋಡಿ ಮುಗಿಸಿದಾಗ ಖುಷಿ ಆಯ್ತು, ಉಳಿದಿದ್ದನ್ನ ಹಾಗೆ ನೋಡೋಕೆ ಮನಸ್ಸು ಬರಲಿಲ್ಲ. ದುಡ್ಡು ಕೊಟ್ಟು ನೋಡಿದೆ. ದೊಡ್ಡ ಗುಣ ಅಂತ ಹೇಳ್ಕೊಳ್ತಿಲ್ಲ, ತಡವಾಗಿ ಕಟ್ಟಿದ ಬಾಕಿ ಅಷ್ಟೆ.

‘ಕನ್ನಡದಲ್ಲಿ ಒಳ್ಳೆ ಸೀರೀಸ್ ಯಾಕೆ ಬರಲ್ಲ’ ಅಂತ ಸ್ಟೋರಿ ಹಾಕೋರು ನಾವೇ, ಕದ್ದ ಲಿಂಕ್ ಫಾರ್ವರ್ಡ್ ಮಾಡೋರೂ ನಾವೇ. ಕೊಳ್ಳೋರೇ ಇಲ್ಲ ಅಂತ ನಾವು ತೋರಿಸಿಕೊಟ್ರೆ ಅಂಗಡಿಯವನು ಮಾಲು ಯಾಕೆ ತರಿಸ್ತಾನೆ? ಇದನ್ನ ಡಿಮ್ಯಾಂಡ್ ಪಾಠದಲ್ಲಿ ಓದಿ ಹತ್ತು ಮಾರ್ಕ್ಸ್ ತಗೊಂಡಿದ್ದೀವಿ, ಜೀವನದಲ್ಲಿ ಸೊನ್ನೆ.

5/10

ಅದಕ್ಕೆ ಉಲ್ಟಾ ಉದಾಹರಣೆ: ‘ಡೇರ್‌ಡೆವಿಲ್ ಮುಸ್ತಾಫಾ’, 2023ರ ಮೇ.

ಪೂರ್ಣಚಂದ್ರ ತೇಜಸ್ವಿ ಅವರ ಕಥೆ, ಶಶಾಂಕ್ ಸೋಗಾಲ್ ನಿರ್ದೇಶನ. ದುಡ್ಡು ಹಾಕಿದ್ದು ಯಾರು? ತೇಜಸ್ವಿ ಓದುಗರು. ನೂರಕ್ಕೂ ಹೆಚ್ಚು ಜನ ಸೇರಿ, ಕೈಲಾದಷ್ಟು ಹಾಕಿ ನಿರ್ಮಾಪಕರಾದ್ರು. ಕಾಲೇಜಿಗೆ ಒಬ್ಬ ಮುಸ್ತಾಫಾ ಸೇರ್ತಾನೆ, ಉಳಿದ ಹುಡುಗರು ಅವನನ್ನ ನೋಡದೇನೇ ಅವನ ಬಗ್ಗೆ ಎಲ್ಲ ತೀರ್ಮಾನ ಮಾಡಿರ್ತಾರೆ. ಆಮೇಲೆ ಕ್ರಿಕೆಟ್ಟು, ಜಗಳ, ಗೆಳೆತನ. ನಮ್ಮ ಕಾಲೇಜಿನ ಹಿಂದಿನ ಬೆಂಚನ್ನೇ ಎತ್ಕೊಂಡು ಹೋಗಿ ಶೂಟ್ ಮಾಡಿದ ಹಾಗಿದೆ.

ತೇಜಸ್ವಿ ಇದ್ದಿದ್ದು ಮೂಡಿಗೆರೆಯಲ್ಲಿ, ನಮ್ಮ ಪಕ್ಕದ ತಾಲೂಕು. ಅವರದೂ ಕಾಫಿ ತೋಟ, ಇದೇ ಮಳೆ, ಇದೇ ಜಿಗಣೆ. 2007ರಲ್ಲಿ ಹೋದ್ರು. ಆಗ ನಮ್ಮಲ್ಲಿ ಬಹಳ ಜನಕ್ಕೆ ಅಕ್ಷರ ಬರ್ತಿರಲಿಲ್ಲ, ಕೆಲವರು ಹುಟ್ಟಿದ್ದೇ ಅದರ ಆಸುಪಾಸು. ಈಗ ಅವರ ಹೆಸರಲ್ಲಿ ಎಷ್ಟು ಕೋಟ್ ಓಡಾಡುತ್ತೆ ನೋಡಿ. ಗಡ್ಡದ ಫೋಟೋ, ಹಿಂದೆ ಮಂಜು, ಮೇಲೆ ಎರಡು ಸಾಲು. ಆ ಸಾಲು ಯಾವ ಪುಸ್ತಕದ್ದು ಅಂತ ಕೇಳಿದ್ರೆ ಪೇಜ್ ಅಡ್ಮಿನ್ ಸೀನ್ ಮಾಡಿ ಸುಮ್ಮನಾಗ್ತಾರೆ. ನಾನು ಕೇಳಿದ್ದೀನಿ, ಅನುಭವದ ಮಾತು.

ಕೋಟ್ ಪೇಜು ಖರ್ಚು. ಸಿನಿಮಾ ಜಮಾ. ಆದ್ರೆ ಕಾಲೇಜ್ ಲೈಬ್ರರಿಯ ‘ಕರ್ವಾಲೊ’ ಎಲ್ಲಕ್ಕಿಂತ ಹೆಚ್ಚು ಜಮಾ. ಒಂದೇ ಕಾಪಿ ಇದೆ, ಸೋಮವಾರ ವಾಪಸ್ ಕೊಡ್ತೀನಿ, ಬೇಕಾದವರು ಮೊದಲೇ ಹೇಳಿ.

6/10

ಈ ತಿಂಗಳ ಇಂಟರ್ನೆಟ್ ನಿಧಿ: ‘ಅಲರ್’.

ಇದು ಕನ್ನಡ-ಇಂಗ್ಲಿಷ್ ನಿಘಂಟು. ಆನ್‌ಲೈನ್, ಫ್ರೀ, ಜಾಹೀರಾತು ಇಲ್ಲ. ವಿ. ಕೃಷ್ಣ ಅನ್ನೋರು ಸುಮಾರು ನಾಲ್ಕು ದಶಕ ಕೂತು ಮಾಡಿದ ಕೆಲಸ, ಒಂದೂವರೆ ಲಕ್ಷ ಪದ. 2019ರಲ್ಲಿ ಎಲ್ಲರೂ ಬಳಸೋ ಹಾಗೆ ಮುಕ್ತವಾಗಿ ಬಿಟ್ರು. ನಾಲ್ಕು ದಶಕ! ನಾನು ಒಂದು ಅಸೈನ್‌ಮೆಂಟಿಗೆ ನಾಲ್ಕು ದಿನ ಕೊಡಲ್ಲ.

ನನಗೆ ಸಿಕ್ಕಿದ್ದು ಹೇಗೆ ಅಂದ್ರೆ, ಅಪ್ಪ ತೋಟದಲ್ಲಿ ರೈಟ್ರು. ಅವರ ಹಳೇ ಚೆಕ್‌ರೋಲ್ ಪುಸ್ತಕದಲ್ಲಿ ಕೆಲಸದ ಹೆಸರುಗಳು ಕನ್ನಡದಲ್ಲೇ ಇವೆ: ಕಸಿ, ಮರಗಸಿ, ಚಿಗುರು ತೆಗೆಯೋದು, ಹಣ್ಣು ಕುಯ್ಲು, ಕಣದ ಕೆಲಸ. ನಾನು ಪ್ರಾಜೆಕ್ಟಿಗೆ ಇದನ್ನೆಲ್ಲ ಇಂಗ್ಲಿಷಲ್ಲಿ ಬರೀಬೇಕಿತ್ತು. ಹುಡುಕ್ತಾ ಕೂತೆ. ಒಂದು ಪದಕ್ಕೆ ಹೋದ್ರೆ ಪಕ್ಕದ ಪದ ಕರೆಯುತ್ತೆ, ಅಲ್ಲಿಂದ ಇನ್ನೊಂದು. ರೀಲ್ಸ್ ಥರಾನೇ ಒಂದು ಗಂಟೆ ಹೋಯ್ತು. ಆದ್ರೆ ಎದ್ದಾಗ ತಲೆ ಖಾಲಿ ಅನ್ನಿಸಲಿಲ್ಲ.

ಎರಡನೇ ಎಂಟ್ರಿ ಇಲ್ಲಿ ಸ್ಪಷ್ಟವಾಗಿದೆ. ನನಗೆ ಫ್ರೀ, ಯಾಕಂದ್ರೆ ಇನ್ನೊಬ್ಬರು ತಮ್ಮ ಆಯಸ್ಸು ಕೊಟ್ಟಿದ್ದಾರೆ. ಫ್ರೀ ಅನ್ನೋ ಪದದ ಪಕ್ಕ ಇನ್ಮೇಲೆ ನಾನು ಯಾವಾಗ್ಲೂ ಒಂದು ಹೆಸರು ಹುಡುಕ್ತೀನಿ.

7/10

ಈಗ ಸ್ವಲ್ಪ ಕಷ್ಟದ್ದು. ‘ಕಾಂತಾರ: ಅಧ್ಯಾಯ 1’.

2025ರ ಅಕ್ಟೋಬರ್ 2ಕ್ಕೆ ಬಂತು, ಹಾಸನಕ್ಕೆ ಹೋಗಿ ನೋಡಿದ್ವಿ, ಶಿಳ್ಳೆ ಹೊಡೆದಿದ್ದೀನಿ, ಗಂಟಲು ಕಟ್ಟಿತ್ತು. ಅದನ್ನ ಈಗ ಅಲ್ಲಗಳೆಯಲ್ಲ. ತೆರೆ ಮೇಲೆ ಕಾಡು ಹಾಗೆ ಕಂಡಿದ್ದು ನಾನು ನೋಡಿರಲಿಲ್ಲ.

ಆದ್ರೆ ಅದೇ ವರ್ಷ ಜನವರಿಯಲ್ಲಿ ಈ ಸಿನಿಮಾ ಶೂಟಿಂಗ್ ನಡೀತಿದ್ದಿದ್ದು ನಮ್ಮ ಕಡೆ, ಹೇರೂರು-ಗವಿಗುಡ್ಡದ ಹತ್ತಿರ. ಕಾಡಿಗೆ ಹಾನಿ ಆಗ್ತಿದೆ ಅಂತ ಸ್ಥಳೀಯರು ಆರೋಪ ಮಾಡಿದ್ರು. ಅರಣ್ಯ ಸಚಿವ ಈಶ್ವರ ಖಂಡ್ರೆ ತನಿಖೆಗೆ ಸೂಚಿಸಿದ್ರು. ಎಲ್ಲ ಪೇಪರಲ್ಲೂ ಬಂತು.

ತೀರ್ಪು ಕೊಡೋದು ನನ್ನ ಕೆಲಸ ಅಲ್ಲ. ನನ್ನ ತಕರಾರು ಕಾಮೆಂಟ್‌ಗಳ ಬಗ್ಗೆ. ‘ಪ್ರಚಾರಕ್ಕೆ ಮಾಡ್ತಿದ್ದಾರೆ’, ‘ಕನ್ನಡ ಸಿನಿಮಾ ಬೆಳೆಯೋದು ಸಹಿಸಲ್ಲ’, ‘ಯಾವ್ದೋ ಹಳ್ಳಿಯವರು’. ಯಾವ್ದೋ ಹಳ್ಳಿ ಅಂದ್ರೆ ನಾವು ಕಣ್ರೇ! ಕಾಡನ್ನ ನಂಬಿ ಬದುಕೋ ಜನರ ಕಥೆಗೆ ಶಿಳ್ಳೆ ಹೊಡೆಯೋಕೆ ರೆಡಿ ಇದ್ದವರು, ಕಾಡಿನ ಪಕ್ಕದಲ್ಲಿ ಬದುಕೋ ಜನ ಬಾಯಿ ಬಿಟ್ಟಾಗ ಒಂದು ನಿಮಿಷ ಕೇಳಿಸ್ಕೊಳ್ಳೋಕೆ ರೆಡಿ ಇರಲಿಲ್ಲ. ಸಿನಿಮಾ ಇಷ್ಟಪಡೋದಕ್ಕೂ ಪ್ರಶ್ನೆ ಕೇಳೋದಕ್ಕೂ ಜಗಳ ಇಲ್ಲ. ಎರಡೂ ಒಂದೇ ಪುಸ್ತಕದ ಎರಡು ಪುಟ.

8/10

ಅರ್ಜುನ.

2023ರ ಡಿಸೆಂಬರ್ 4. ನಮ್ಮ ಯಸಳೂರು ವಲಯದ ದಬ್ಬಳ್ಳಿಕಟ್ಟೆ ಕಾಡು. ಕಾಡಾನೆ ಹಿಡಿಯೋ ಕಾರ್ಯಾಚರಣೆಗೆ ಬಂದಿದ್ದ ಅರ್ಜುನ, ಮದ ಬಂದಿದ್ದ ಒಂಟಿ ಸಲಗದ ಜೊತೆ ಕಾದಾಡಿ ಅಲ್ಲೇ ಸತ್ತ. 2012ರಿಂದ 2019ರ ತನಕ ಎಂಟು ಸಲ ಮೈಸೂರು ದಸರಾದಲ್ಲಿ 750 ಕೆಜಿ ಚಿನ್ನದ ಅಂಬಾರಿ ಹೊತ್ತವನು. ಮಣ್ಣು ಮಾಡಿದ್ದೂ ಇಲ್ಲೇ. ಆಗ ನಾನು ಪಿಯುಸಿ.

ಯಸಳೂರು ಅನ್ನೋ ಹೆಸರು ಅಷ್ಟೊಂದು ಫೋನುಗಳಲ್ಲಿ ನಾನು ಕಂಡಿದ್ದು ಅದೇ ಮೊದಲು. ಅತ್ತಿದ್ದು ನಿಜ, ಊರಿಗೆ ಊರೇ ಅತ್ತಿದೆ. ಆದ್ರೆ ಎರಡೇ ದಿನದಲ್ಲಿ ಎಡಿಟ್‌ಗಳು ಶುರುವಾದ್ವು. ಮಾಸ್ ಬಿಜಿಎಂ, ಸ್ಲೋ ಮೋಷನ್, ಅರ್ಜುನ ಹೀರೋ, ಕಾಡಾನೆ ವಿಲನ್. ಕಾಡಾನೆ ವಿಲನ್ ಹೇಗಾಗುತ್ತೆ? ಅದು ಅದರ ಕಾಡಲ್ಲಿತ್ತು. ತೋಟ, ರಸ್ತೆ, ಲೈನ್ ಮನೆ, ಗದ್ದೆ ಮಧ್ಯೆ ಚೂರು ಚೂರಾಗಿ ಉಳಿದ ಕಾಡು. ಆನೆಗೂ ಜಾಗ ಸಾಲಲ್ಲ, ನಮಗೂ ಸಾಲಲ್ಲ. ಆನೆಗೆ ಸಿಕ್ಕಿ ಸತ್ತ ಕೂಲಿಯವರಿದ್ದಾರೆ, ಬೆಳೆ ಕಳ್ಕೊಂಡು ಕೂತವರಿದ್ದಾರೆ. ಇದು ಯಾವುದೂ ಎಡಿಟ್‌ಗೆ ಹೊಂದಲ್ಲ. ಯಾಕಂದ್ರೆ ಇದಕ್ಕೆ ಬಿಜಿಎಂ ಸಿಗಲ್ಲ.

ಭೀಮನ ಕಥೆನೂ ಅದೇ. ನಮ್ಮ ಕಡೆ ಓಡಾಡೋ ಆ ದೊಡ್ಡ ಸಲಗಕ್ಕೆ ಫ್ಯಾನ್ಸ್ ಇದ್ದಾರೆ, ಅವನ ರೀಲ್ಸ್‌ಗೆ ಲೆಕ್ಕ ಇಲ್ಲ. 2025ರ ನವೆಂಬರಲ್ಲಿ ಕ್ಯಾಪ್ಟನ್ ಅನ್ನೋ ಇನ್ನೊಂದು ಸಲಗದ ಜೊತೆ ಕಾಳಗ ಆಗಿ ಭೀಮನ ದಂತ ಮುರೀತು. ಫೀಡ್ ತುಂಬ ‘ಟೀಮ್ ಭೀಮನಾ, ಟೀಮ್ ಕ್ಯಾಪ್ಟನ್ನಾ?’ ಐಪಿಎಲ್ ಏನ್ರೋ ಇದು?

ಇಷ್ಟು ಜೋರಾಗಿ ಬೈಯೋಕೆ ನನಗೆ ಹಕ್ಕಿಲ್ಲ. ಮುಂದೆ ಓದಿ.

9/10

ಹಿಂದಿನ ವರ್ಷ ಹಣ್ಣು ಕುಯ್ಲಿನ ಟೈಮು. ಅಪ್ಪನ ಜೊತೆ ಜೀಪಲ್ಲಿ ಬರ್ತಿದ್ದೆ, ಸಂಜೆ ಐದೂವರೆ. ರಸ್ತೆ ದಾಟಿ ನಾಲ್ಕು ಆನೆ, ಒಂದು ಮರಿ. ಹಿಂದೆ ಮಂಜು, ಬಿಸಿಲು ಓರೆಯಾಗಿ ಬೀಳ್ತಿತ್ತು. ಫೋನ್ ತೆಗೆದೆ. ಹದಿನೆಂಟು ಸೆಕೆಂಡು. ಆ ರಾತ್ರಿನೇ ಹಾಡು ಹಾಕಿ ಪೋಸ್ಟ್ ಮಾಡಿದೆ. ಜಾಗದ ಹೆಸರೂ ಹಾಕಿದೆ, ತಿರುವಿನ ಗುರುತು ಸಮೇತ. ನಮ್ಮೂರು ಫೇಮಸ್ ಆಗಲಿ ಅಂತ.

ಯಾವಾಗ್ಲೂ ಮುನ್ನೂರು ವ್ಯೂಸ್ ಬರೋ ನನ್ನ ಪೇಜಿಗೆ ಮೂರು ದಿನದಲ್ಲಿ ಎರಡು ಲಕ್ಷ. ನಿಮ್ಮಲ್ಲಿ ಎಷ್ಟೋ ಜನ ಫಾಲೋ ಮಾಡಿದ್ದೇ ಅದನ್ನ ನೋಡಿ.

ನಾಲ್ಕನೇ ದಿನ ಭಾನುವಾರ. ಆ ತಿರುವಿಗೆ ಬೈಕುಗಳು ಬಂದ್ವು. ಆನೆ ಹೊರಗೆ ಬರಲಿ ಅಂತ ಹಾರ್ನ್ ಹೊಡೆದ್ರಂತೆ. ಬೆದರಿದ ಆನೆಗಳು ರಸ್ತೆಗೆ ಬರಲಿಲ್ಲ, ಕೆಳಗಡೆ ಲೈನ್ ಮನೆಗೆ ಹೋಗೋ ಕಾಲುದಾರಿಗೆ ಇಳಿದ್ವು. ಸಂತೆ ಸಾಮಾನು ಹೊತ್ಕೊಂಡು ಬರ್ತಿದ್ದ ನಮ್ಮ ತೋಟದ ಒಬ್ಬ ಅಕ್ಕ ಚೀಲ ಎಸೆದು ಓಡಿ ಚರಂಡಿಗೆ ಬಿದ್ರು. ಜೀವಕ್ಕೇನೂ ಆಗಲಿಲ್ಲ. ಬಲಗೈ ಮಣಿಕಟ್ಟು ಮುರೀತು.

ಕುಯ್ಲಲ್ಲಿ ಕೆಜಿ ಲೆಕ್ಕಕ್ಕೆ ದುಡ್ಡು. ವರ್ಷದಲ್ಲಿ ನಾಲ್ಕು ಕಾಸು ಹೆಚ್ಚು ನೋಡೋದು ಅದೊಂದೇ ಟೈಮಲ್ಲಿ. ಕೈ ಇಲ್ಲದೆ ಏನು ಕುಯ್ತಾರೆ? ಅಪ್ಪನ ಚೆಕ್‌ರೋಲಲ್ಲಿ ಅವರ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಬಿತ್ತು, ಮೂವತ್ತೆಂಟು ದಿನ. ನಾನು ಎಣಿಸಿದ್ದೀನಿ.

ನೋಡೋಕೆ ಹೋದೆ. ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ. ಮಗಳ ಫೋನಲ್ಲಿ ನನ್ನ ರೀಲ್ ನೋಡಿದ್ರಂತೆ. ‘ಆನೆ ಚಂದ ಕಾಣ್ಸುತ್ತೆ ಕಣವ್ವ. ನಾನು ಹೋಗೋ ದಾರೀನೂ ಕಾಣ್ಸುತ್ತೆ’ ಅಂದ್ರು. ಅಷ್ಟೆ.

ಮನೆಗೆ ಬಂದು ರೀಲ್ ಡಿಲೀಟ್ ಮಾಡಿದೆ. ‘ಯಾಕೆ ತೆಗೆದೆ, ಚೆನ್ನಾಗಿತ್ತು’ ಅಂತ ಕೇಳಿದವರಿಗೆಲ್ಲ ಸುಮ್ನೆ ಏನೋ ಹೇಳಿದ್ದೆ. ಉತ್ತರ ಇದು. ಎರಡು ಲಕ್ಷ ವ್ಯೂಸ್ ನನ್ನ ಪೇಜಿಗೆ ಜಮಾ, ಮೂವತ್ತೆಂಟು ದಿನದ ಕೂಲಿ ಅವರ ಮನೆಗೆ ಖರ್ಚು. ಇದು ನಾನು ಬರೆಯದೇ ಬಿಟ್ಟಿದ್ದ ಎರಡನೇ ಎಂಟ್ರಿ. ಅಪ್ಪ ಅಮ್ಮ ಅವರಿಗೆ ಸ್ವಲ್ಪ ಸಹಾಯ ಮಾಡಿದ್ರು, ನನ್ನ ಸ್ಕಾಲರ್‌ಶಿಪ್ ದುಡ್ಡಲ್ಲೂ ಒಂದಿಷ್ಟು ಕೊಟ್ಟೆ. ಲೆಕ್ಕ ಇನ್ನೂ ಸರಿಹೊಂದಿಲ್ಲ.

10/10

ಕೊನೇದು. ಈ ತಿಂಗಳ ಬೆಸ್ಟ್ ಕಂಟೆಂಟ್ ಯಾವುದು ಗೊತ್ತಾ? ನಮ್ಮ ಕಡೆಯ ಆನೆ ವಾಟ್ಸಾಪ್ ಗ್ರೂಪು.

ಅಲ್ಲಿ ಹಾಡಿಲ್ಲ, ಫಿಲ್ಟರ್ ಇಲ್ಲ. ಇಂಥ ಕಡೆ ಇಷ್ಟು ಆನೆ ಇವೆ, ಕೆಲಸಕ್ಕೆ ಹೋಗೋರು, ಶಾಲೆ ಮಕ್ಕಳು ಹುಷಾರು. ಇಷ್ಟೇ. ಆ ಎರಡು ಸಾಲು ನೋಡಿ ಅಪ್ಪ ಆಳುಗಳನ್ನ ಬೇರೆ ಬ್ಲಾಕಿಗೆ ಕಳಿಸ್ತಾರೆ, ಅಮ್ಮ ನನಗೆ ಫೋನ್ ಮಾಡಿ ‘ಲೇಟ್ ಬಸ್ಸಿಗೆ ಬರಬೇಡ’ ಅಂತಾರೆ. ಒಂದು ಲೈಕೂ ಬೀಳದ ಪೋಸ್ಟು, ದಿನಾ ಯಾರನ್ನೋ ಮನೆಗೆ ತಲುಪಿಸುತ್ತೆ.

ಅಲ್ಲೂ ಜಾಗದ ಹೆಸರಿದೆ, ನನ್ನ ರೀಲಲ್ಲೂ ಇತ್ತು. ಅದೇ ಆನೆ, ಅದೇ ತಿರುವು. ಆ ದಾರೀಲಿ ನಡೆಯೋರಿಗೆ ಹೇಳಿದ್ರೆ ಅದು ಎಚ್ಚರಿಕೆ. ನೋಡೋಕೆ ಬರೋರಿಗೆ ಹೇಳಿದ್ರೆ ಅದು ಆಹ್ವಾನ. ವ್ಯತ್ಯಾಸ ಅಷ್ಟೇ ಇರೋದು, ನನಗೆ ಅದು ಗೊತ್ತಾಗೋಕೆ ಒಬ್ಬರ ಕೈ ಮುರೀಬೇಕಾಯ್ತು.

ನಾನು ರೀಲ್ಸ್ ಬಿಡಲ್ಲ. ಸಿನಿಮಾ, ಹಾಡು, ಮೀಮ್ಸ್ ಯಾವುದೂ ಬಿಡಲ್ಲ, ಬಿಡಿ ಅಂತ ನಿಮಗೂ ಹೇಳಲ್ಲ. ಇಪ್ಪತ್ತು ವರ್ಷಕ್ಕೇ ಸನ್ಯಾಸ ಯಾರಿಗೆ ಬೇಕು? ಕೇಳ್ಕೊಳ್ಳೋದು ಮೂರೇ ಮೂರು. ಆನೆ ವಿಡಿಯೋಗೆ ಜಾಗದ ಹೆಸರು ಹಾಕಬೇಡಿ. ಇಷ್ಟಪಟ್ಟಿದ್ದಕ್ಕೆ ಕೈಲಾದ್ರೆ ದುಡ್ಡು ಕೊಟ್ಟು ನೋಡಿ. ಶೇರ್ ಒತ್ತೋ ಮುಂಚೆ, ಇದರ ಬಿಲ್ ಯಾರ ಮನೆಗೆ ಹೋಗುತ್ತೆ ಅಂತ ಒಂದು ಸಲ ಯೋಚನೆ ಮಾಡಿ.

ಈಗ ನಿಮ್ಮ ಸರದಿ. ಈ ತಿಂಗಳು ನಿಮಗೆ ಸಿಕ್ಕ ಒಂದು ಜಮಾ, ಒಂದು ಖರ್ಚು ಕಾಮೆಂಟಲ್ಲಿ ಹಾಕಿ. ಎರಡನೇ ಎಂಟ್ರಿ ಸಮೇತ.

ನಮ್ಮ ಸ್ಟಾಪ್ ಬಂತು. ಅಪ್ಪ ಟಾರ್ಚ್ ಹಿಡ್ಕೊಂಡು ನಿಂತಿದ್ದಾರೆ. ಬರ್ಲಾ.

#ಜಮಾಖರ್ಚು #ಯಸಳೂರು #ಎರಡನೇಎಂಟ್ರಿ